ಇಟ್ಟಿಗೆ ಗೋಡೆಯ ಹಳೆ ಬಣ್ಣ ತೆಗೆಯುವುದು: ಇಟ್ಟಿಗೆಯ ಮೈ ಕೆಡದ ಹಾಗೆ

ಹೊರಗೋಡೆಯ ಇಟ್ಟಿಗೆಗೆ ಬಳಿದ ಬಣ್ಣ ಹಕ್ಕಳೆ ಎದ್ದು ಉದುರತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಗ್ರೈಂಡರ್ ಕಡೆಗೆ, ಇಲ್ಲವೇ ಪ್ರೆಷರ್ ವಾಷರ್ ಕಡೆಗೆ. ಎರಡರಲ್ಲೂ ಬಣ್ಣ ಬೇಗ ಹೋಗುತ್ತದೆ, ಅದರ ಜೊತೆ ಇಟ್ಟಿಗೆಯ ಮೈಯೂ ಹೋಗುತ್ತದೆ. ಗೂಡಿನಲ್ಲಿ ಬೇಯುವಾಗ ಇಟ್ಟಿಗೆಯ ಹೊರಮೈ ಒಳಗಿನದಕ್ಕಿಂತ ಗಟ್ಟಿಯಾಗುತ್ತದೆ. ಆ ತೆಳು ಸಿಪ್ಪೆ ಇರುವವರೆಗೆ ಮಳೆನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ಅದು ಹೋದರೆ ಒಳಗಿನ ಮೆದು ಭಾಗ ನೀರು ಹೀರುತ್ತದೆ, ಉಪ್ಪು ಬಿಡುತ್ತದೆ, ಬರಬರುತ್ತ ಪುಡಿಯಾಗಿ ಉದುರುತ್ತದೆ. ಹೋದ ಸಿಪ್ಪೆಯನ್ನು ಯಾವ ಲೇಪನವೂ ವಾಪಸ್ ತರುವುದಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿರುವುದು ನಿಧಾನದ ದಾರಿ: ಬಣ್ಣವನ್ನು ರಿಮೂವರ್ ಲೇಪದಿಂದ ಮೆತ್ತಗೆ ಮಾಡಿ, ಮರದ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎತ್ತಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯುವುದು.

ತೆಗೆಯಲೇಬೇಕೇ?

ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಬಣ್ಣ ಗಟ್ಟಿಯಾಗಿ ಕೂತಿದ್ದು, ಗೋಡೆ ಒಳಗಿನಿಂದ ಒಣಗಿದ್ದರೆ ಅದನ್ನು ಕೀಳಲು ಅಂದವೊಂದೇ ಕಾರಣ. ಬಣ್ಣದ ಹಿಂದೆ ತೇವ ಸಿಕ್ಕಿಕೊಂಡಿದ್ದರೆ ಮಾತು ಬೇರೆ. ಎಣ್ಣೆ ಆಧಾರಿತ ಎನಾಮಲ್ ಮತ್ತು ನೀರು ಬೆರೆಸಿ ಬಳಿಯುವ ಎಮಲ್ಷನ್ ಬಣ್ಣಗಳ ದಪ್ಪ ಪದರಗಳು ಗೋಡೆಯ ತೇವ ಆವಿಯಾಗಿ ಹೊರಬರಲು ಬಿಡುವುದಿಲ್ಲ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆಯೇ ಹರಳುಗಟ್ಟಿ, ಬಣ್ಣವನ್ನೂ ಇಟ್ಟಿಗೆಯ ಚಕ್ಕೆಯನ್ನೂ ಒಟ್ಟಿಗೆ ಹೊರಗೆ ತಳ್ಳುತ್ತದೆ. ಉದುರಿದ ಒಂದು ಚಕ್ಕೆಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಕೆಂಪು ಪುಡಿ ದಪ್ಪಗೆ ಅಂಟಿದ್ದರೆ ಇಟ್ಟಿಗೆ ಆಗಲೇ ಸವೆಯುತ್ತಿದೆ ಎಂದೇ ಅರ್ಥ.

ಬಣ್ಣ ಹೋಗಿರುವ ಜಾಗದಲ್ಲಿ ಇಟ್ಟಿಗೆಯ ಮೇಲೆ ಉಗುರಿನಿಂದ ಗೀರಿ. ಗೀರು ಮೂಡಿದರೆ ಇಟ್ಟಿಗೆ ಸರಿಯಾಗಿ ಬೆಂದಿಲ್ಲ. ಅಂಥ ಗೋಡೆಗೆ ಬಣ್ಣವೇ ರಕ್ಷಣೆಯಾಗಿ ನಿಂತಿರಬಹುದು. ಸಡಿಲವಾದುದನ್ನಷ್ಟೇ ತೆಗೆದು, ತೇವ ಆವಿಯಾಗಿ ಹೊರಬರಲು ಬಿಡುವ ಬಣ್ಣ ಬಳಿಯುವುದು ಒಳ್ಳೆಯದು. ಇನ್ನೊಂದು ಮಾತು: ಕೆಲವು ಗೋಡೆಗಳಿಗೆ ಬಣ್ಣ ಬಳಿದದ್ದೇ ಏನನ್ನೋ ಮುಚ್ಚಲು. ಸಿಮೆಂಟ್ ತೇಪೆ, ಹೊಂದಿಕೆಯಿಲ್ಲದ ಇಟ್ಟಿಗೆ, ಮುಚ್ಚಿದ ಕಿಟಕಿ ಇವೆಲ್ಲ ಬಣ್ಣ ತೆಗೆದ ಮೇಲೆ ಕಣ್ಣಿಗೆ ಬೀಳುತ್ತವೆ. ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಓರೆಯಾಗಿ ಹಿಡಿದು ರಾತ್ರಿ ಹೊತ್ತು ನೋಡಿದರೆ ತೇಪೆಗಳ ಅಂಚು ನೆರಳಿನಲ್ಲಿ ಎದ್ದು ಕಾಣುತ್ತದೆ.

ತೇವದ ಮೂಲವನ್ನು ಮೊದಲು ಸರಿಪಡಿಸಿ. ಸೋರುವ ಮಳೆನೀರಿನ ಪೈಪು, ಗೋಡೆಗೆ ಒತ್ತಿ ಏರಿಸಿದ ಮಣ್ಣು, ಕಿಟಕಿ ಚೌಕಟ್ಟಿನ ಸುತ್ತ ಬಿಟ್ಟ ಸಂದು ಹಾಗೇ ಉಳಿದರೆ ಬಣ್ಣ ತೆಗೆದೂ ಗೋಡೆ ಒಣಗುವುದಿಲ್ಲ.

ಸೀಸದ ಪರೀಕ್ಷೆ

ಹಳೆಯ ಬಣ್ಣಗಳಲ್ಲಿ ಬಿಳಿಗೆ ಸೀಸದ ಕಾರ್ಬೊನೇಟ್, ಹಳದಿಗೆ ಸೀಸದ ಕ್ರೋಮೇಟ್, ಕೆಂಪಿಗೆ ಸಿಂಧೂರವೆಂದು ಕರೆಯುವ ಸೀಸದ ಆಕ್ಸೈಡ್ ಬೆರೆಸುತ್ತಿದ್ದರು. ಈ ಪುಡಿ ಉಸಿರಿನಲ್ಲೋ ಕೈಯಿಂದ ಬಾಯಿಗೋ ಹೋದರೆ ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಶಾಶ್ವತ ಹಾನಿ. ಆದ್ದರಿಂದ ಮನೆ ಹಳೆಯದಾಗಿದ್ದರೆ ಒಂದು ಚಕ್ಕೆಯನ್ನು ಪ್ರಯೋಗಾಲಯಕ್ಕೆ ಕಳಿಸುವುದೇ ಸರಿ. ಬಣ್ಣ ಬದಲಾಗುವ ಕಡ್ಡಿಯ ಕಿಟ್ ಬಳಸುವುದಾದರೆ ಚೂಪಾದ ಚಾಕುವಿನಿಂದ ಇಟ್ಟಿಗೆ ಕಾಣುವವರೆಗೆ ಓರೆಯಾಗಿ ಕೊಯ್ದು, ಎಲ್ಲ ಪದರಗಳಿಗೂ ಕಡ್ಡಿ ತಾಗಿಸಿ. ಮೇಲಿನ ಪದರವನ್ನಷ್ಟೇ ಒರೆಸಿ ‘ಸೀಸ ಇಲ್ಲ’ ಎಂದುಕೊಳ್ಳುವುದು ಅಪಾಯದ ತಪ್ಪು, ಸೀಸ ಇರುವುದು ಹೆಚ್ಚಾಗಿ ತಳದ ಪದರಗಳಲ್ಲಿ.

ಸೀಸ ಇದ್ದರೆ ಒಣಗಿದ ಬಣ್ಣವನ್ನು ಕೆರೆಯುವುದು, ಉಜ್ಜುಕಾಗದ ಹಾಕುವುದು, ಬೆಂಕಿ ಅಥವಾ ಹೀಟ್ ಗನ್ ಹಿಡಿಯುವುದು ಎಲ್ಲವೂ ನಿಷಿದ್ಧ. ಕೆಲಸವೆಲ್ಲ ಒದ್ದೆಯಾಗಿಯೇ ನಡೆಯಬೇಕು. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು, ಆ ಬದಿಯ ಕಿಟಕಿಗಳು ಮುಚ್ಚಿರಬೇಕು, ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬಾರದು. ಬಟ್ಟೆಯ ಮಾಸ್ಕ್ ಸಾಲದು, ಸೀಸದ ಧೂಳನ್ನು ತಡೆಯುವ ಪಿ100 ದರ್ಜೆಯ ಫಿಲ್ಟರ್ ಇರುವ ಮಾಸ್ಕ್ ಬೇಕು. ಎರಡು ಅಂತಸ್ತಿನ ಗೋಡೆಯಲ್ಲಿ ಸೀಸ ಸಿಕ್ಕಿದರೆ ಅದರ ತರಬೇತಿ ಇರುವವರಿಗೇ ಒಪ್ಪಿಸಿ.

ಗೋಡೆಯ ಮೇಲಿರುವುದು ಯಾವ ಬಣ್ಣ?

ಓರೆ ಕೊಯ್ತವನ್ನು ಭೂತಗನ್ನಡಿಯಲ್ಲಿ ನೋಡಿದರೆ ಪದರಗಳು ಮರದ ಉಂಗುರಗಳ ಹಾಗೆ ಒಂದರ ಪಕ್ಕ ಒಂದು ಕಾಣುತ್ತವೆ. ಎಣಿಸಿ. ಒಂದು ಕೈ ಬಣ್ಣ ಒಣಗಿದ ಮೇಲೆ ಸುಮಾರು 30ರಿಂದ 50 ಮೈಕ್ರಾನ್ ದಪ್ಪ ಇರುತ್ತದೆ. ಹತ್ತು ಕೈ ಆಗಿದ್ದರೆ ಅರ್ಧ ಮಿಲಿಮೀಟರ್‌ವರೆಗೆ. ಲೇಪ ಎಷ್ಟು ದಪ್ಪಕ್ಕೆ ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು ಇದರ ಮೇಲೆ ನಿಂತಿದೆ.

ಅಂಗೈಯಿಂದ ಉಜ್ಜಿದಾಗ ಬಿಳಿ ಪುಡಿ ಮೆತ್ತಿಕೊಂಡು, ಒಂದು ತೊಟ್ಟು ವಿನೆಗರ್ ಹಾಕಿದರೆ ಗುಳ್ಳೆ ಏಳುವುದಾದರೆ ಅದು ಸುಣ್ಣ ಅಥವಾ ಸಿಮೆಂಟ್ ಪೇಂಟ್. ಬಿಸಿನೀರಿನಲ್ಲೇ ಕರಗಿ ಬರುವುದು ಹಳೆ ಕಾಲದ ಡಿಸ್ಟೆಂಪರ್. ಇವೆರಡೂ ಅಲ್ಲದಿದ್ದರೆ ಹತ್ತಿಯನ್ನು ಮಿಥೈಲೇಟೆಡ್ ಸ್ಪಿರಿಟ್‌ನಲ್ಲಿ ಅದ್ದಿ ಐದು ನಿಮಿಷ ಬಣ್ಣಕ್ಕೆ ಒತ್ತಿಹಿಡಿಯಿರಿ. ಬಣ್ಣ ಅಂಟಂಟಾಗಿ ಹತ್ತಿಗೆ ಹಿಡಿದರೆ ಎಮಲ್ಷನ್, ಏನೂ ಆಗದಿದ್ದರೆ ಎಣ್ಣೆ ಆಧಾರಿತ ಎನಾಮಲ್ ಇರುವ ಸಂಭವ ಹೆಚ್ಚು.

ಈ ಗುರುತು ಏಕೆ ಮುಖ್ಯವೆಂದರೆ, ಪೇಂಟ್ ರಿಮೂವರ್ ಕೆಲಸ ಮಾಡುವುದು ಬಣ್ಣವನ್ನು ಹಿಡಿದಿಟ್ಟ ಎಣ್ಣೆ ಅಥವಾ ಅಂಟಿನ ಮೇಲೆ. ಸುಣ್ಣ, ಸಿಮೆಂಟ್ ಮತ್ತು ಸಿಲಿಕೇಟ್ ಬಣ್ಣಗಳಲ್ಲಿ ಆ ಅಂಟೇ ಇಲ್ಲ, ಅವು ಕಲ್ಲಿನ ಜಾತಿಯವು. ಎಷ್ಟು ದುಬಾರಿ ರಿಮೂವರ್ ಹಚ್ಚಿದರೂ ಅಲುಗುವುದಿಲ್ಲ. ಸುಣ್ಣವನ್ನು ನೀರು ಚಿಮುಕಿಸಿ ನಾರಿನ ಬ್ರಷ್‌ನಿಂದ ತಿಕ್ಕಿದರೆ ಸಾಕಷ್ಟು ಹೋಗುತ್ತದೆ. ಗಟ್ಟಿಯಾಗಿ ಕೂತ ಸಿಮೆಂಟ್ ಪೇಂಟನ್ನು ಬಿಟ್ಟುಬಿಡುವುದೇ ಲೇಸು, ಅದನ್ನು ಕೀಳುವಷ್ಟು ಬಲ ಹಾಕಿದರೆ ಇಟ್ಟಿಗೆಯೂ ಬರುತ್ತದೆ. ಅದೃಷ್ಟದ ಸಂಗತಿ ಎಂದರೆ ತಳದಲ್ಲಿ ಸುಣ್ಣ, ಮೇಲೆ ಎಮಲ್ಷನ್ ಇರುವುದು. ಸುಣ್ಣದ ಹಿಡಿತ ಸಡಿಲ, ಮೇಲಿನ ಪದರವೆಲ್ಲ ಹಾಳೆಯಂತೆ ಎದ್ದುಬರುತ್ತದೆ.

ಯಾವ ರಿಮೂವರ್

ಮೂರು ಜಾತಿಗಳಿವೆ. ಡೈಕ್ಲೋರೋಮೀಥೇನ್ ಇರುವುದು ನಿಮಿಷಗಳಲ್ಲಿ ಬಣ್ಣ ಎಬ್ಬಿಸುತ್ತದೆ, ಆದರೆ ಅದರ ಆವಿ ಜೀವ ತೆಗೆದ ಉದಾಹರಣೆಗಳಿವೆ, ಹಲವು ದೇಶಗಳು ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿವೆ. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಅದು ಬೇಗನೆ ದಾಟಿಬಿಡುತ್ತದೆ. ಮನೆ ಕೆಲಸಕ್ಕೆ ಬೇಡವೇ ಬೇಡ.

ಕಾಸ್ಟಿಕ್ ಸೋಡಾ ಆಧಾರಿತ ಕ್ಷಾರದ ಲೇಪ ಎಣ್ಣೆ ಬಣ್ಣವನ್ನು ಸಾಬೂನಿನಂತೆ ಮಾಡಿ ಎತ್ತುತ್ತದೆ. ಹಲವು ಕೈ ಬಳಿದ ಹಳೆ ಎನಾಮಲ್‌ಗೆ ಇದಕ್ಕಿಂತ ಪರಿಣಾಮಕಾರಿ ಇನ್ನೊಂದಿಲ್ಲ. ಎಮಲ್ಷನ್ ಮೇಲೆ ಇದರ ಆಟ ಕಡಿಮೆ. ಇಟ್ಟಿಗೆಯೊಳಗೆ ಕ್ಷಾರ ಉಳಿದರೆ ತಿಂಗಳುಗಟ್ಟಲೆ ಬಿಳಿ ಉಪ್ಪು ಬರುತ್ತಿರುತ್ತದೆ, ಹಾಗಾಗಿ ಹೀರುವ ಗುಣ ಹೆಚ್ಚಿರುವ ಮೆದು ಇಟ್ಟಿಗೆಗೆ ಇದು ಸಲ್ಲ. ಅಲ್ಯೂಮಿನಿಯಂ ಕಿಟಕಿಯನ್ನು ತಿನ್ನುತ್ತದೆ, ಗಾಜಿನ ಮೇಲೆ ಕಲೆ ಬಿಡುತ್ತದೆ.

ಬೆಂಜೈಲ್ ಆಲ್ಕೋಹಾಲ್ ಆಧಾರಿತ ಲೇಪ ನಿಧಾನಿ, ಆದರೆ ಎಮಲ್ಷನ್‌ಗೂ ಹೆಚ್ಚಿನ ಎನಾಮಲ್‌ಗೂ ನಡೆಯುತ್ತದೆ, ವಾಸನೆ ಕಡಿಮೆ, ಇಟ್ಟಿಗೆಯಲ್ಲಿ ಉಪ್ಪು ಬಿಡುವುದಿಲ್ಲ. ಮನೆಯವರೇ ಮಾಡುವ ಕೆಲಸಕ್ಕೆ ನಮ್ಮ ಆಯ್ಕೆ ಇದು. ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ಕಿಟಕಿಯನ್ನು ಇದೂ ಮೆತ್ತಗೆ ಮಾಡಬಲ್ಲದು ಎಂಬುದು ನೆನಪಿರಲಿ. ಕೈಗವಸು ಬ್ಯುಟೈಲ್ ರಬ್ಬರಿನದಾಗಿರಲಿ.

ಹೈಡ್ರೋಕ್ಲೋರಿಕ್ ಆಮ್ಲವನ್ನು ಗೋಡೆ ತೊಳೆಯಲು ಬಳಸುವ ರೂಢಿ ಇದೆ. ಅದು ಬಣ್ಣವನ್ನು ತೆಗೆಯುವುದಿಲ್ಲ, ಇಟ್ಟಿಗೆಗಳ ನಡುವಿನ ಸಂದಿನ ಸುಣ್ಣದ ಗಾರೆಯನ್ನು ಮಾತ್ರ ಕರಗಿಸುತ್ತದೆ, ಇಟ್ಟಿಗೆಯಲ್ಲಿ ಹಳದಿ ಕಲೆ ಎಬ್ಬಿಸುತ್ತದೆ.

ಮೂಲೆಯಲ್ಲಿ ಪ್ರಯೋಗ

ಕಣ್ಣಿಗೆ ಬೀಳದ ಕಡೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ನಾಲ್ಕು ಚೌಕ ಗುರುತಿಸಿ. ನಾಲ್ಕಕ್ಕೂ ಒಂದೇ ಲೇಪವನ್ನು ಒಂದೇ ದಪ್ಪಕ್ಕೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದನ್ನು 4 ಗಂಟೆ ಕಳೆದ ಮೇಲೆ, ಮತ್ತೊಂದನ್ನು 12 ಗಂಟೆಯ ಮೇಲೆ, ಮೂರನೆಯದನ್ನು 24ರ ಮೇಲೆ, ಕೊನೆಯದನ್ನು 48ರ ಮೇಲೆ ತೆರೆಯಿರಿ. ಬಣ್ಣ ಇಟ್ಟಿಗೆವರೆಗೂ ಮೆತ್ತಗಾಗಿ ಬರುವ ಅತಿ ಕಡಿಮೆ ಹೊತ್ತು ಯಾವುದೋ ಅದೇ ನಿಮ್ಮ ಗೋಡೆಯ ಲೆಕ್ಕ. ಡಬ್ಬಿಯ ಮೇಲಿನ ಅಂಕಿ ಬರೀ ಅಂದಾಜು, ಗೋಡೆ ಹೇಳಿದ್ದೇ ನಿಜ. ತೊಳೆದ ಚೌಕಗಳನ್ನು ಎರಡು ವಾರವಾದರೂ ಹಾಗೇ ಬಿಟ್ಟು ನೋಡಿ. ಒಣಗಿದ ಮೇಲೆ ಉಪ್ಪು ಬರುತ್ತದೆಯೇ, ಇಟ್ಟಿಗೆ ಪುಡಿಯಾಗುತ್ತದೆಯೇ, ಸಂದು ಸಡಿಲವಾಗಿದೆಯೇ ಎಂಬುದು ಆಗಲೇ ತಿಳಿಯುವುದು. ಈ ಎರಡು ವಾರ ಕಾಯುವ ತಾಳ್ಮೆ ಇಲ್ಲದವರೇ ಗೋಡೆಯನ್ನು ಹೆಚ್ಚು ಕೆಡಿಸಿಕೊಳ್ಳುವುದು.

ಎಷ್ಟು ಲೇಪ ಬೇಕು

ಲೆಕ್ಕ ಸರಳ: 1 ಚದರ ಮೀಟರ್‌ಗೆ 1 ಮಿ.ಮೀ. ದಪ್ಪ ಹಚ್ಚಲು 1 ಲೀಟರ್. ನಾಲ್ಕೈದು ಕೈ ಬಣ್ಣಕ್ಕೆ 2 ಮಿ.ಮೀ., ಹತ್ತಕ್ಕೂ ಮೇಲಿದ್ದರೆ 3ರಿಂದ 4 ಮಿ.ಮೀ. ಹಿಡಿಯಿರಿ. ಸಂದುಗಳು ಒಳಗಿರುವುದರಿಂದ ಐದರಲ್ಲೊಂದು ಪಾಲು ಹೆಚ್ಚಿಗೆ ಬೇಕಾಗುತ್ತದೆ. 8 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಯಲ್ಲಿ ಕಿಟಕಿಗೆ 4 ಚದರ ಮೀಟರ್ ಕಳೆದರೆ ಉಳಿಯುವುದು 20. ಅದಕ್ಕೆ 2 ಮಿ.ಮೀ. ಎಂದರೆ 40 ಲೀಟರ್, ಸಂದಿನ ಪಾಲು ಸೇರಿ 48. ಮೊದಲಿಗೆ ಅರ್ಧದಷ್ಟನ್ನೇ ತಂದು, ಪ್ರಯೋಗದ ಲೆಕ್ಕ ಸರಿಹೋದ ಮೇಲೆ ಉಳಿದದ್ದು ತನ್ನಿ.

ಕೆಲಸದ ಕ್ರಮ

1. ಗೋಡೆಯ ಬುಡದಿಂದ ಕನಿಷ್ಠ 3 ಮೀಟರ್ ಹೊರಗಿನವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಒಳ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ, ಹೊರ ಅಂಚನ್ನು ಮರದ ಪಟ್ಟಿಯ ಮೇಲೆ ಸುತ್ತಿ ಒಂದು ಕಟ್ಟೆಯಂತೆ ಎತ್ತರಿಸಿ, ತೊಳೆದ ನೀರು ಅದರೊಳಗೇ ನಿಲ್ಲಬೇಕು. ಕಿಟಕಿ, ಬಾಗಿಲು, ಪೈಪು, ದೀಪಗಳನ್ನು ಮುಚ್ಚಿ. ಹೊರಗಿನ ದೀಪ ಮತ್ತು ಸಾಕೆಟ್‌ಗಳ ವಿದ್ಯುತ್ತನ್ನು ಮೇನ್‌ನಲ್ಲೇ ತೆಗೆಯಿರಿ. ಗಿಡಗಳಿಗೆ ಚೆನ್ನಾಗಿ ನೀರುಣಿಸಿ ಆಮೇಲೆ ಹೊದಿಸಿ.

2. ದಿನ ಆರಿಸಿಕೊಳ್ಳಿ. ಗೋಡೆ ಒಣಗಿರಬೇಕು, ಹವೆ 10ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಮುಂದಿನ ಎರಡು ದಿನ ಮಳೆ ಬರಬಾರದು. ನೇರ ಬಿಸಿಲು ಬೀಳುವ ಗೋಡೆಗೆ ನೆರಳು ಬಂದ ಮೇಲೆ ಹಚ್ಚಿ. ಚಳಿ ಹೆಚ್ಚಿದ್ದರೆ ರಿಮೂವರ್ ಮಲಗಿಬಿಡುತ್ತದೆ, ಬಿಸಿಲಿದ್ದರೆ ಒಣಗಿಬಿಡುತ್ತದೆ.

3. ಸಡಿಲವಾದ ಬಣ್ಣವನ್ನು ನೀರು ಚಿಮುಕಿಸಿ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಯಿರಿ. ಗೋಡೆ ಮತ್ತೆ ಒಣಗಲಿ.

4. ಗೋಡೆಯ ಮೇಲ್ಭಾಗದಿಂದ ಶುರುಮಾಡಿ. ಇದಕ್ಕೆ ಕಾರಣವಿದೆ: ಮೇಲಿನಿಂದ ಇಳಿಯುವ ಕೊಳೆನೀರು ಕೆಳಗೆ ಇನ್ನೂ ಬಣ್ಣವಿರುವ ಗೋಡೆಯ ಮೇಲೆ ಜಾರಿಹೋಗುತ್ತದೆ. ಕೆಳಗಿನದನ್ನು ಮೊದಲು ಬಿಚ್ಚಿದರೆ ಬಯಲಾದ ಇಟ್ಟಿಗೆ ಆ ಬಣ್ಣದ ನೀರನ್ನು ಹೀರಿ ಗೆರೆ ಗೆರೆಯಾಗಿ ಕಲೆಗಟ್ಟುತ್ತದೆ. ಎತ್ತರಕ್ಕೆ ಏಣಿ ಸಾಲದು, ಸಾರುವೆ ಕಟ್ಟಿಸಿ. ಎರಡೂ ಕೈಗೆ ಕೆಲಸವಿರುತ್ತದೆ, ಕಾಲ ಕೆಳಗೆ ಲೇಪ ಬಿದ್ದು ಜಾರುತ್ತದೆ.

5. ಒಂದು ಸಲಕ್ಕೆ 2ರಿಂದ 3 ಚದರ ಮೀಟರ್ ಮಾತ್ರ ಹಿಡಿಯಿರಿ. ಮೊದಲು ಸಂದುಗಳಿಗೆ ಬ್ರಷ್‌ನಿಂದ ಲೇಪ ಒತ್ತಿ ತುಂಬಿ, ಆಮೇಲೆ ಇಟ್ಟಿಗೆಯ ಮೈಗೆ ಕರಣೆಯಿಂದ ದಪ್ಪಗೆ ಮೆತ್ತಿ. ಬಣ್ಣ ಬಳಿದಂತೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಡಿ. ಎಳೆದಷ್ಟೂ ಲೇಪ ತೆಳುವಾಗುತ್ತದೆ, ಬೇಗ ಒಣಗುತ್ತದೆ.

6. ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಾಳಿಗುಳ್ಳೆ ಉಳಿಯದಂತೆ ಅಂಗೈಯಲ್ಲಿ ಒತ್ತಿ, ಅಂಚಿಗೆಲ್ಲ ಟೇಪು ಹಾಕಿ. ಗಾಳಿ ಸೇರಿದ ಕಡೆ ಲೇಪ ಒಣಗಿ, ಸತ್ತ ಬಣ್ಣದ ಮೇಲೆ ಇನ್ನೊಂದು ಹೊಸ ತೊಗಟೆಯಾಗಿ ಕೂರುತ್ತದೆ.

7. ನಿಗದಿಯಾದ ಹೊತ್ತಿಗೆ ಒಂದು ಮೂಲೆಯನ್ನು ಬಿಡಿಸಿ ನೋಡಿ. ಲೇಪ ಹದಕ್ಕೆ ಬಂದಿದ್ದರೆ ಬಣ್ಣ ಸುಕ್ಕುಗಟ್ಟಿ, ಲೇಪದೊಳಗೆ ಇಳಿದು, ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಟೊಡನೆ ಕೆನೆ ಎತ್ತಿದ ಹಾಗೆ ಒಟ್ಟಿಗೆ ಮಡಚಿಕೊಂಡು ಬರುತ್ತದೆ. ಸ್ಕ್ರೇಪರ್‌ನ ಅಡಿಯಲ್ಲಿ ಕರಕರ ಸದ್ದು ಕೇಳಿದರೆ, ಮೇಲಿನ ಪದರ ಮಾತ್ರ ಬಂದು ಕೆಳಗೆ ಬೇರೆ ಬಣ್ಣ ಹೊಳೆಯುತ್ತಿದ್ದರೆ ಇನ್ನೂ ಹೊತ್ತು ಬೇಕು. ಮತ್ತೆ ಹೊದಿಸಿ. ಬಲ ಹಾಕುವ ಅಗತ್ಯ ಬಿತ್ತೆಂದರೆ ಹೊತ್ತು ಸಾಲದಾಗಿದೆ ಎಂದೇ ತಿಳಿಯಿರಿ.

8. ಲೇಪವನ್ನು ಮೇಲಿಂದ ಕೆಳಕ್ಕೆ ಎತ್ತಿ ನೇರವಾಗಿ ಬಕೆಟ್ಟಿಗೆ ಹಾಕಿ. ಸಂದುಗಳಲ್ಲಿ ಉಳಿದದ್ದನ್ನು ಮರದ ಕಡ್ಡಿಯಿಂದ, ಗಟ್ಟಿ ನೈಲಾನ್ ಅಥವಾ ನಾರಿನ ಬ್ರಷ್‌ನಿಂದ ಬಿಡಿಸಿ. ತಂತಿ ಬ್ರಷ್ ಮುಟ್ಟಬೇಡಿ. ಮುರಿದ ಉಕ್ಕಿನ ಎಳೆಗಳು ಇಟ್ಟಿಗೆಯ ರಂಧ್ರಗಳಲ್ಲಿ ಸೇರಿ, ಮೊದಲ ಮಳೆಗೇ ತುಕ್ಕಿನ ಚುಕ್ಕೆಗಳಾಗುತ್ತವೆ.

9. ತೊಳೆಯುವುದು ಬೆಚ್ಚಗಿನ ನೀರಿನಲ್ಲಾದರೆ ಉತ್ತಮ. ಪ್ರೆಷರ್ ವಾಷರ್ ಬಳಸುವುದಾದರೆ ಒತ್ತಡ 20ರಿಂದ 25 ಬಾರ್ ದಾಟಬಾರದು, ಬೀಸಣಿಗೆಯಂತೆ ಹರಡುವ 40 ಡಿಗ್ರಿಯ ನಾಜಲ್ ಇರಬೇಕು, ಗೋಡೆಯಿಂದ ಕನಿಷ್ಠ 30 ಸೆಂ.ಮೀ. ದೂರ ಹಿಡಿಯಬೇಕು. ಸಂದಿನಿಂದ ಮರಳು ಉದುರಿ ನೀರಿನಲ್ಲಿ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ, ಬ್ರಷ್ ಮತ್ತು ಬಕೆಟ್ಟಿಗೆ ಮರಳಿ. ಒಂದೇ ಗೆರೆಯಾಗಿ ಚಿಮ್ಮುವ ನಾಜಲ್ ಇಟ್ಟಿಗೆಯಲ್ಲಿ ಗೀರು ಕೊರೆಯುತ್ತದೆ.

10. ಕ್ಷಾರದ ಲೇಪ ಬಳಸಿದ್ದರೆ ಗೋಡೆಯನ್ನು ನೀರಿನಲ್ಲಿ ತೊಳೆದ ಬೆನ್ನಿಗೆ ತಯಾರಕರು ಹೇಳಿದ ದುರ್ಬಲ ಆಮ್ಲವನ್ನು, ಅದಿಲ್ಲದಿದ್ದರೆ ಸಮಪಾಲು ನೀರು ಬೆರೆಸಿದ ವಿನೆಗರ್ ಅನ್ನು ಹಚ್ಚಿ, ಎರಡು ಮೂರು ನಿಮಿಷದಲ್ಲಿ ತೊಳೆದುಬಿಡಿ. ನಂತರ ಒದ್ದೆ ಇಟ್ಟಿಗೆಗೆ ಆಮ್ಲ, ಕ್ಷಾರದ ಮಟ್ಟ ತೋರಿಸುವ ಪಿಎಚ್ ಕಾಗದ ಒತ್ತಿ ನೋಡಿ. 7ರಿಂದ 8ರ ನಡುವೆ ಬರುವವರೆಗೆ ತೊಳೆಯುವುದು ಮುಗಿದಿಲ್ಲ. ಸುಣ್ಣದ ಗಾರೆ ಇರುವ ಸಂದಿಗೇ ಒತ್ತಿದರೆ ಅಂಕಿ ಹೆಚ್ಚು ತೋರಿಸಬಹುದು, ಇಟ್ಟಿಗೆಯ ನಡುವೆ ಒತ್ತಿ.

ಕ್ಷಾರ ಚರ್ಮಕ್ಕೆ ಬಿದ್ದಾಗ ಆಮ್ಲದಂತೆ ಕೂಡಲೇ ಉರಿಯದೆ ಇರಬಹುದು, ಗೊತ್ತಾಗುವ ಹೊತ್ತಿಗೆ ಒಳಕ್ಕೆ ಸುಟ್ಟಿರುತ್ತದೆ. ಜಾರಿದಂತೆ ನುಣ್ಣಗೆ ಅನಿಸಿದರೂ ಸಾಕು, ಕೆಲಸ ಬಿಟ್ಟು ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 20 ನಿಮಿಷ ನೀರು ಹಾಯಿಸಿ ನೇರ ವೈದ್ಯರ ಬಳಿ ಹೋಗಿ. ಆ ನೀರಿನ ಕೊಳಾಯಿ ಸಾರುವೆಯ ಹತ್ತಿರವೇ ಇರಲಿ. ಸುತ್ತ ಮುಚ್ಚಿದ ರಕ್ಷಣಾ ಕನ್ನಡಕ ಮೊದಲ ಡಬ್ಬಿ ತೆರೆಯುವ ಮುಂಚೆಯೇ ಮುಖದ ಮೇಲಿರಬೇಕು.

ಉಳಿದುಹೋಗುವ ಕಲೆ

ಎಷ್ಟೇ ಚೆನ್ನಾಗಿ ಮಾಡಿದರೂ ಇಟ್ಟಿಗೆಯ ರಂಧ್ರಗಳಲ್ಲಿ, ಒರಟು ಅಂಚುಗಳಲ್ಲಿ ಬಣ್ಣದ ಮಂಕು ನೆರಳು ಉಳಿಯುತ್ತದೆ. ಒದ್ದೆಯಿರುವಾಗ ಕಾಣುವುದಿಲ್ಲ, ಒಣಗಿದ ಮೇಲೆ ಕಾಣುತ್ತದೆ. ಅದಕ್ಕೆ ಎರಡನೆಯ ಸಲ ತೆಳುವಾಗಿ ಲೇಪ ಹಚ್ಚಿ ನೋಡಿ. ಅದಕ್ಕೂ ಹೋಗದ್ದನ್ನು ಬಿಡಿ. ಕೊನೆಯ ಆ ಚೂರು ಬಣ್ಣದ ಬೆನ್ನುಹತ್ತಿ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಹೊಡೆಯುವುದು) ಮಾಡಿಸಿದವರ ಗೋಡೆ ದೂರದಿಂದ ಶುಭ್ರವಾಗಿ ಕಂಡರೂ, ಹತ್ತಿರ ಹೋಗಿ ಮುಟ್ಟಿದರೆ ಉಜ್ಜುಕಾಗದದಂತೆ ತರಿತರಿಯಾಗಿರುತ್ತದೆ, ಮೂಲೆಗಳು ದುಂಡಾಗಿರುತ್ತವೆ. ಆ ಗೋಡೆ ಅಂದಿನಿಂದಲೇ ನೀರು ಕುಡಿಯತೊಡಗುತ್ತದೆ.

ಕಸ

ಎತ್ತಿದ ಲೇಪವನ್ನೂ ತೊಳೆದ ನೀರನ್ನೂ ಚರಂಡಿಗೆ, ಮಣ್ಣಿಗೆ ಬಿಡಬೇಡಿ. ನೀರನ್ನು ಡ್ರಮ್ಮಿನಲ್ಲಿ ಒಂದು ರಾತ್ರಿ ಬಿಟ್ಟರೆ ಚಕ್ಕೆಗಳು ತಳಕ್ಕಿಳಿಯುತ್ತವೆ, ತಳದ ಕೆಸರನ್ನು ಬೇರೆಯಾಗಿ ಹಿಡಿಯಬಹುದು. ತಿಳಿನೀರನ್ನೂ ಎಲ್ಲಿ ಸುರಿಯಬಹುದೆಂದು ಸ್ಥಳೀಯ ಆಡಳಿತವನ್ನು ಕೇಳಿಯೇ ಸುರಿಯಿರಿ. ಸೀಸವಿದ್ದ ಬಣ್ಣವಾದರೆ ಎಲ್ಲವೂ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಭದ್ರವಿರುವ ಡಬ್ಬಿಯಲ್ಲಿ ತುಂಬಿ ಅದಕ್ಕೆಂದೇ ಇರುವ ವ್ಯವಸ್ಥೆಗೆ ಕೊಡಬೇಕು.

ತೊಳೆದ ಮೇಲೆ

ಗೋಡೆ ಪೂರ್ತಿ ಒಣಗಲು ವಾರಗಳು ಬೇಕು. ಈ ಸಮಯದಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡರೆ ಒಣ ಬ್ರಷ್‌ನಿಂದ ಗುಡಿಸಿ, ಉದುರಿದ ಪುಡಿಯನ್ನು ಎತ್ತಿಹಾಕಿ. ನೀರು ಹಾಕಿದರೆ ಉಪ್ಪು ಕರಗಿ ಇಟ್ಟಿಗೆಯೊಳಕ್ಕೇ ವಾಪಸ್ ಹೋಗುತ್ತದೆ.

ಸಂದುಗಳಲ್ಲಿ ಗಾರೆ ಸಡಿಲವಾಗಿದ್ದರೆ ಸುಮಾರು 25 ಮಿ.ಮೀ. ಆಳಕ್ಕೆ ಕೈಯುಳಿಯಿಂದ ಬಿಡಿಸಿ ಪಾಯಿಂಟಿಂಗ್ ಮಾಡಿ, ಅಂದರೆ ಹೊಸ ಗಾರೆ ತುಂಬಿ. ಹಳೆಯ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹೊಂದುತ್ತದೆ. ಗಟ್ಟಿ ಸಿಮೆಂಟ್ ತುಂಬಿದರೆ ತೇವ ಸಂದಿನಿಂದ ಹೊರಬರಲಾಗದೆ ಇಟ್ಟಿಗೆಯಿಂದಲೇ ಹೊರಬರುತ್ತದೆ, ಸಂದು ಹಾಗೇ ನಿಂತು ಇಟ್ಟಿಗೆಯ ಮುಖ ಉದುರುತ್ತದೆ. ಸುಣ್ಣದ ಗಾರೆಯನ್ನು ಒಂದು ವಾರ ಒದ್ದೆ ಗೋಣಿತಟ್ಟು ಹೊದಿಸಿ ಕಾಪಾಡಿ.

ಹೊಳಪು ಬರಲಿ ಎಂದು ವಾರ್ನಿಷ್‌ನಂಥ ಪದರ ಕಟ್ಟುವ ಸೀಲರ್ ಬಳಿಯಬೇಡಿ. ಇಷ್ಟು ಕಷ್ಟಪಟ್ಟು ತೆಗೆದ ಬಣ್ಣ ಮಾಡಿದ ಹಾನಿಯನ್ನೇ ಅದು ಬಣ್ಣವಿಲ್ಲದೆ ಮಾಡುತ್ತದೆ. ಮಳೆ ಹೊಡೆಯುವ ದಿಕ್ಕಿನ ಗೋಡೆಗೆ ಏನಾದರೂ ಬೇಕೇಬೇಕು ಎಂದರೆ ಸೈಲೇನ್ ಸೈಲಾಕ್ಸೇನ್ ಜಾತಿಯ, ಆವಿ ಹಾಯಲು ಬಿಡುವ ದ್ರವ ಸಿಗುತ್ತದೆ, ಅದನ್ನೂ ಗೋಡೆ ಪೂರ್ತಿ ಒಣಗಿ ಉಪ್ಪು ಬರುವುದು ನಿಂತ ಮೇಲೆಯೇ ಹಚ್ಚಬೇಕು. ಮತ್ತೆ ಬಣ್ಣವೇ ಬೇಕೆನ್ನುವವರಿಗೆ ಸುಣ್ಣ ಅಥವಾ ಸಿಲಿಕೇಟ್ ಬಣ್ಣ. ಎರಡೂ ಗೋಡೆಯ ಉಸಿರು ಕಟ್ಟುವುದಿಲ್ಲ, ಆದರೆ ಸಿಲಿಕೇಟ್ ಒಮ್ಮೆ ಹಿಡಿದರೆ ಇಟ್ಟಿಗೆಯ ಭಾಗವೇ ಆಗಿಬಿಡುತ್ತದೆ. ಮುಂದೆ ಯಾರೂ ಅದನ್ನು ರಿಮೂವರ್‌ನಿಂದ ತೆಗೆಯಲಾರರು, ಬಳಿಯುವ ಮುಂಚೆ ಅಷ್ಟನ್ನು ಯೋಚಿಸಿ.